ನೋಂದಣಿ ನವೀಕರಣ ಮತ್ತು ವೃತ್ತಿ ಸಾಮರ್ಥ್ಯದ ಪುರಾವೆ: ವೈದ್ಯರಿಗೊಂದು ಸಮಗ್ರ ಮಾರ್ಗದರ್ಶಿ

ನವೀಕರಣದ ಗಡುವು ಹತ್ತಿರವಾದಾಗ ವೈದ್ಯರ ಮೇಜಿನ ಖಾನೆ ಹೇಗಿರುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ನನ್ನದೂ ಒಂದು ಕಾಲದಲ್ಲಿ ಹಾಗೆಯೇ ಇತ್ತು. ಔಷಧ ಕಂಪನಿಗಳ ಪೆನ್ನುಗಳ ನಡುವೆ ಮಡಚಿಹೋದ ಸಮ್ಮೇಳನದ ಪ್ರಮಾಣಪತ್ರಗಳು. ಎರಡರಲ್ಲಿ ನನ್ನ ಹೆಸರಿನ ಜಾಗ ಖಾಲಿ, ಒಂದರಲ್ಲಿ ಬೇರೆ ಯಾರದೋ ಹೆಸರು. ಹಾಜರಾದದ್ದಕ್ಕೆ ಸಿಗುವ ಕಲಿಕೆಯ ಅಂಕಗಳನ್ನು ಕೂಡಿದರೆ ಬೇಕಾದಷ್ಟಿದ್ದವು. ಆದರೆ ಇಷ್ಟೆಲ್ಲ ಕೇಳಿಬಂದ ಮೇಲೆ ರೋಗಿಗಳನ್ನು ನೋಡುವ ನಿಮ್ಮ ಕ್ರಮದಲ್ಲಿ ಏನು ಬದಲಾಯಿತು ಎಂದು ಯಾರಾದರೂ ಪ್ರಶ್ನಿಸಿದ್ದರೆ ನನ್ನ ಬಳಿ ಉತ್ತರವಿರಲಿಲ್ಲ. ಅಂದು ಯಾರೂ ಪ್ರಶ್ನಿಸಲಿಲ್ಲ. ಈಗ ಹಲವು ದೇಶಗಳ ವೈದ್ಯಕೀಯ ಪರಿಷತ್ತುಗಳು ಕೇಳುತ್ತಿರುವುದು ಇದೇ ಪ್ರಶ್ನೆಯನ್ನು.

ಮುಂದೆ ಮೇಜಿನ ಆಚೆ ಬದಿಯಲ್ಲಿ ಕುಳಿತು ಸಹೋದ್ಯೋಗಿಗಳ ಕಡತಗಳನ್ನು ಓದುವ ಕೆಲಸವೂ ಬಂತು. ಒಳ್ಳೆಯ ವೈದ್ಯರ ಕಡತವೇ ಕೆಲವೊಮ್ಮೆ ಅತಿ ಬಡವಾಗಿರುತ್ತದೆ. ಅವರಿಗೆ ಕೆಲಸ ಗೊತ್ತು, ಬರೆದಿಡುವ ಅಭ್ಯಾಸ ಇಲ್ಲ. ಈ ಬರಹ ಮುಖ್ಯವಾಗಿ ಅಂಥವರಿಗಾಗಿ.

ಪರಿಷತ್ತು ಅಳೆಯಲು ಹೊರಟಿರುವುದು ಏನನ್ನು?

1990ರಲ್ಲಿ ಅಮೆರಿಕದ ವೈದ್ಯಕೀಯ ಶಿಕ್ಷಣತಜ್ಞ ಜಾರ್ಜ್ ಮಿಲ್ಲರ್ ಒಂದು ಪಿರಮಿಡ್ ಬರೆದು ತೋರಿಸಿದರು. ತಳದಲ್ಲಿ ‘ತಿಳಿದಿದೆ’, ಅದರ ಮೇಲೆ ‘ಹೇಗೆಂದು ತಿಳಿದಿದೆ’, ಅದಕ್ಕೂ ಮೇಲೆ ‘ಮಾಡಿ ತೋರಿಸಬಲ್ಲೆ’, ತುದಿಯಲ್ಲಿ ‘ದಿನವೂ ಮಾಡುತ್ತೇನೆ’. ಎಂಬಿಬಿಎಸ್‌ನ ಲಿಖಿತ ಪರೀಕ್ಷೆ ಕೆಳಗಿನ ಎರಡು ಹಂತಗಳನ್ನು ಮುಟ್ಟುತ್ತದೆ, ಪ್ರಾಯೋಗಿಕ ಪರೀಕ್ಷೆ ಮೂರನೆಯದನ್ನು. ಪರೀಕ್ಷಕರು ಯಾರೂ ನೋಡದಿರುವಾಗ, ಹೊರಗೆ ಇನ್ನೂ ಮೂವತ್ತು ರೋಗಿಗಳು ಕಾಯುತ್ತಿರುವಾಗ ನೀವು ಏನು ಮಾಡುತ್ತೀರಿ ಎಂಬುದು ನಾಲ್ಕನೆಯ ಹಂತ. ವೃತ್ತಿ ಸಾಮರ್ಥ್ಯದ ನಿಯಮಗಳೆಲ್ಲ ಆ ತುದಿಯ ಕಡೆಗೇ ಹತ್ತುತ್ತಿವೆ. ಕೆಲವು ದೇಶಗಳು ಬೇಗ ಹತ್ತಿವೆ, ಕೆಲವು ಇನ್ನೂ ತಳದಲ್ಲೇ ಇವೆ.

ಭಾರತದ 2002ರ ವೃತ್ತಿ ನಡವಳಿಕೆ ನಿಯಮಾವಳಿ ಐದು ವರ್ಷಗಳಲ್ಲಿ ಕನಿಷ್ಠ 30 ಗಂಟೆಗಳ ನಿರಂತರ ವೈದ್ಯಕೀಯ ಶಿಕ್ಷಣವನ್ನು ಕೇಳುತ್ತದೆ. ಅಲ್ಲಿ ಲೆಕ್ಕ ಗಂಟೆಗಳದ್ದು. ಐರ್ಲೆಂಡಿನಲ್ಲಿ 2007ರ ಕಾಯ್ದೆಯ ಅಡಿಯಲ್ಲಿ 2011ರ ಮೇ ತಿಂಗಳಿಂದ ಸಾಮರ್ಥ್ಯವನ್ನು ಕಾಯ್ದುಕೊಳ್ಳುವುದು ವೈದ್ಯರ ಕಾನೂನುಬದ್ಧ ಕರ್ತವ್ಯವಾಯಿತು. ವರ್ಷಕ್ಕೆ 50 ಅಂಕಗಳ ಜೊತೆಗೆ ಒಂದು ಕ್ಲಿನಿಕಲ್ ಆಡಿಟ್ (ಸ್ವಂತ ಕೆಲಸವನ್ನು ಒಪ್ಪಿತ ಮಾನದಂಡದ ಜೊತೆ ಹೋಲಿಸಿ ಅಳೆಯುವುದು) ಕೂಡ ಬೇಕೆಂದು ಆಗ ಗೊತ್ತುಪಡಿಸಲಾಯಿತು. ಬ್ರಿಟನ್‌ನಲ್ಲಿ 2012ರ ಡಿಸೆಂಬರ್ 3ರಿಂದ ಐದು ವರ್ಷಗಳಿಗೊಮ್ಮೆ ಮರುಮಾನ್ಯತೆ, ಅಂದರೆ ಪರವಾನಗಿ ಮುಂದುವರಿಸಬಹುದೇ ಎಂಬ ಪರಿಶೀಲನೆ, ನಡೆಯುತ್ತದೆ. ಪರವಾನಗಿ ಕೊಡುವ ಜನರಲ್ ಮೆಡಿಕಲ್ ಕೌನ್ಸಿಲ್ ಇಷ್ಟೇ ಅಂಕ ಬೇಕೆಂದು ತಾನಾಗಿ ಹೇಳುವುದಿಲ್ಲ. ಪ್ರತಿವರ್ಷ ಒಬ್ಬ ಸಹೋದ್ಯೋಗಿಯ ಎದುರು ಕುಳಿತು ಕೆಲಸದ ಪುರಾವೆಗಳನ್ನು ಚರ್ಚಿಸಬೇಕೆಂದು ಹೇಳುತ್ತದೆ. ಆಸ್ಟ್ರೇಲಿಯಾ 2023ರ ಜನವರಿ 1ರಿಂದ ಜಾರಿಗೆ ತಂದ ಮಾನದಂಡ ನನಗೆ ಎಲ್ಲಕ್ಕಿಂತ ಸ್ಪಷ್ಟವೆನಿಸುತ್ತದೆ: ವರ್ಷಕ್ಕೆ 50 ಗಂಟೆ, ಅದರಲ್ಲಿ ಉಪನ್ಯಾಸ, ಓದು, ಕೋರ್ಸು ಮುಂತಾದ ಕಲಿಕೆಗೆ ಕನಿಷ್ಠ ಹನ್ನೆರಡೂವರೆ ಗಂಟೆ, ಸ್ವಂತ ಕೆಲಸದ ಪರಿಶೀಲನೆಗೂ ಫಲಿತಾಂಶದ ಅಳತೆಗೂ ಸೇರಿ ಕನಿಷ್ಠ 25 ಗಂಟೆ, ಆ ಎರಡರಲ್ಲಿ ಒಂದೊಂದಕ್ಕೆ ಐದು ಗಂಟೆಗಿಂತ ಕಡಿಮೆಯಾಗಬಾರದು. ಉಳಿದದ್ದು ನಿಮ್ಮಿಷ್ಟ. ಅಂದರೆ ಸಭಾಂಗಣದಲ್ಲಿ ಕುಳಿತು ಗಳಿಸುವುದು ಕಾಲು ಭಾಗ, ನಿಮ್ಮದೇ ಕೇಸ್ ಶೀಟುಗಳನ್ನು ತೆರೆದು ಗಳಿಸುವುದು ಅರ್ಧ ಭಾಗ.

ಹಾಗಾಗಿ ನಿಮ್ಮ ದೇಶದ ನಿಯಮ ಇಂದು ಬರೀ ಗಂಟೆಗಳನ್ನು ಕೇಳುತ್ತಿದ್ದರೂ ಕಡತವನ್ನು ಆಸ್ಟ್ರೇಲಿಯಾದ ಅಳತೆಗೆ ಕಟ್ಟಿಕೊಳ್ಳಿ ಎಂಬುದು ನನ್ನ ಸಲಹೆ. ನಾಳೆ ನಿಯಮ ಬದಲಾದರೂ, ನೀವೇ ದೇಶ ಬದಲಿಸಿದರೂ ಅದು ನಡೆಯುತ್ತದೆ.

ಹೆಜ್ಜೆ 1: ನಿಯಮವನ್ನು ಮೂಲದಲ್ಲೇ ಓದಿ

ವಾಟ್ಸ್‌ಆ್ಯಪ್ ಗುಂಪನ್ನು ನಂಬಬೇಡಿ. ಭಾರತದಲ್ಲಿ 2023ರ ಆಗಸ್ಟ್ 2ರಂದು ಹೊಸ ವೃತ್ತಿ ನಡವಳಿಕೆ ನಿಯಮಾವಳಿ ಪ್ರಕಟವಾಯಿತು, ಅದೇ ತಿಂಗಳ 23ರಂದು ಅದಕ್ಕೆ ತಡೆ ಬಿತ್ತು, 2002ರದ್ದೇ ಮತ್ತೆ ಜಾರಿಯಲ್ಲಿ ಉಳಿಯಿತು. ಆ ಮೂರು ವಾರಗಳಲ್ಲಿ ಹರಿದಾಡಿದ ಸಂದೇಶ ಇಂದಿಗೂ ಯಾರದೋ ಫೋನಿನಲ್ಲಿ ಜೀವಂತವಾಗಿರುತ್ತದೆ, ಸರಿಯಾಗಿ ನಿಮ್ಮ ಗಡುವಿನ ವಾರದಲ್ಲೇ ಯಾರೋ ಅದನ್ನು ನಿಮಗೆ ಕಳುಹಿಸುತ್ತಾರೆ.

ನಿಮ್ಮ ಪರಿಷತ್ತಿನ ಜಾಲತಾಣದಿಂದ ನಿಯಮವನ್ನು ಇಳಿಸಿಕೊಂಡು ಒಂದು ಹಾಳೆಯಲ್ಲಿ ಇಷ್ಟನ್ನು ಬರೆದುಕೊಳ್ಳಿ. ನವೀಕರಣದ ಚಕ್ರ ಒಂದು ವರ್ಷದ್ದೋ ಐದು ವರ್ಷದ್ದೋ, ಅದು ಶುರುವಾಗುವುದು ಕ್ಯಾಲೆಂಡರ್ ವರ್ಷಕ್ಕೋ ನಿಮ್ಮ ನೋಂದಣಿಯ ದಿನಾಂಕಕ್ಕೋ? ಅಂಕ ಕೊಡುವ ಅಧಿಕಾರ ಯಾವ ಸಂಸ್ಥೆಗಳಿಗೆ ಇದೆ? ಆನ್‌ಲೈನ್ ಕಲಿಕೆಗೆ ಮಿತಿ ಇದೆಯೇ? ಒಂದು ವರ್ಷ ಹೆಚ್ಚು ಗಳಿಸಿದರೆ ಮುಂದಿನದಕ್ಕೆ ಒಯ್ಯಬಹುದೇ? ಪುರಾವೆಗಳನ್ನು ಎಷ್ಟು ವರ್ಷ ಇಟ್ಟುಕೊಳ್ಳಬೇಕು? ಮಾನ್ಯತೆ ಪಡೆದ ಸಂಸ್ಥೆಯೊಂದರ ಸದಸ್ಯತ್ವ ಕಡ್ಡಾಯವೇ? ಆಸ್ಟ್ರೇಲಿಯಾದಲ್ಲಿ ಅದು ಕಡ್ಡಾಯ. ಗಂಟೆಗಳು ಪೂರ್ತಿಯಾಗಿದ್ದರೂ ಯಾವುದೇ ಸಂಸ್ಥೆಗೆ ಸೇರಿರದಿದ್ದರೆ ಮಾನದಂಡ ಪಾಲಿಸಿದಂತೆ ಆಗುವುದಿಲ್ಲ.

ಈ ಹಾಳೆಗೆ ಅರ್ಧ ಗಂಟೆ ಸಾಕು. ನಾನು ಕಂಡ ತಿರಸ್ಕೃತ ಅರ್ಜಿಗಳಲ್ಲಿ ಬಹುಪಾಲು ಈ ಅರ್ಧ ಗಂಟೆಯನ್ನು ಉಳಿಸಿದವರದ್ದು.

ಹೆಜ್ಜೆ 2: ಕಲಿಯಬೇಕಾದದ್ದನ್ನು ರೋಗಿಗಳಿಂದ ಕೇಳಿ ತಿಳಿಯಿರಿ

ವರ್ಷದ ಆರಂಭದಲ್ಲಿ ಕಲಿಕೆಯ ಯೋಜನೆ ಬರೆಯಲು ಕುಳಿತರೆ ನಾವೆಲ್ಲರೂ ನಮಗೆ ಇಷ್ಟವಾದದ್ದನ್ನೇ ಬರೆಯುತ್ತೇವೆ. ಹೃದ್ರೋಗ ತಜ್ಞರು ಹೃದಯದ ಬಗ್ಗೆಯೇ ಇನ್ನಷ್ಟು ಕೇಳಲು ಹೋಗುತ್ತಾರೆ. ತನಗೆ ಏನು ಗೊತ್ತಿಲ್ಲ ಎಂಬುದನ್ನು ಗುರುತಿಸುವುದರಲ್ಲಿ ವೈದ್ಯರು ಅಷ್ಟೇನೂ ಜಾಣರಲ್ಲ. ಅಮೆರಿಕದ ವೈದ್ಯಕೀಯ ಸಂಘದ ನಿಯತಕಾಲಿಕೆಯಲ್ಲಿ 2006ರಲ್ಲಿ ಪ್ರಕಟವಾದ ಅಧ್ಯಯನಗಳ ಸಮೀಕ್ಷೆಯೊಂದು ಇದನ್ನೇ ಕಂಡಿತು: ವೈದ್ಯರು ತಮಗೆ ತಾವೇ ಕೊಟ್ಟುಕೊಳ್ಳುವ ಅಂಕಕ್ಕೂ ಹೊರಗಿನ ಅಳತೆಗೂ ತಾಳೆಯಾಗುವುದು ಕಡಿಮೆ, ಕೌಶಲ ಕಡಿಮೆ ಇದ್ದವರಲ್ಲೂ ಆತ್ಮವಿಶ್ವಾಸ ಅತಿಯಾಗಿದ್ದವರಲ್ಲೂ ಅಂದಾಜು ಅತಿ ಹೆಚ್ಚು ತಪ್ಪಿತ್ತು.

ಆದ್ದರಿಂದ ಯೋಜನೆಗೆ ಹೊರಗಿನ ಸಾಕ್ಷಿ ಬೇಕು. ನಾಲ್ಕು ವಾರ ಜೇಬಿನಲ್ಲಿ ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ರೋಗಿಯ ಪ್ರಶ್ನೆಗೆ ತಡವರಿಸಿದಾಗ, ಔಷಧದ ಪ್ರಮಾಣ ಹುಡುಕಲು ಮೊಬೈಲ್ ತೆಗೆದಾಗ, ಸರಿಯಾಗಿ ತಿಳಿಯದೆ ಬೇರೆ ತಜ್ಞರ ಬಳಿಗೆ ಕಳುಹಿಸಿದಾಗ ಒಂದು ಸಾಲು ಗೀಚಿ. ಜೊತೆಗೆ ನಿಮ್ಮ ಬಗ್ಗೆ ಬಂದ ದೂರುಗಳು, ನರ್ಸುಗಳು ಮತ್ತೆ ಮತ್ತೆ ಸ್ಪಷ್ಟನೆ ಕೇಳುವ ಔಷಧ ಚೀಟಿಗಳು, ಲ್ಯಾಬಿನಿಂದ ಬಂದ ಫೋನುಗಳು. ನಾಲ್ಕು ವಾರಗಳ ಕೊನೆಗೆ ಪುಸ್ತಕ ತೆರೆದರೆ ಒಂದೇ ವಿಷಯ ಮೂರ್ನಾಲ್ಕು ಬಾರಿ ಕಾಣಿಸಿಕೊಂಡಿರುತ್ತದೆ. ನನಗೆ ಹಾಗೆ ಕಾಣಿಸಿದ್ದು ಮೂತ್ರಪಿಂಡ ದುರ್ಬಲವಾದವರಿಗೆ ಔಷಧದ ಪ್ರಮಾಣ ಇಳಿಸುವ ವಿಷಯ. ಅದು ನನಗೆ ಚೆನ್ನಾಗಿ ಗೊತ್ತು ಎಂದೇ ಅಂದುಕೊಂಡಿದ್ದೆ.

ವರ್ಷಕ್ಕೆ ಮೂರೋ ನಾಲ್ಕೋ ಗುರಿ ಸಾಕು. ‘ಮಧುಮೇಹದ ಬಗ್ಗೆ ತಿಳಿವಳಿಕೆ ಹೆಚ್ಚಿಸಿಕೊಳ್ಳುವುದು’ ಎಂಬುದು ಗುರಿಯಾಗುವುದಿಲ್ಲ. ‘ಮಧುಮೇಹದ ಔಷಧ ಮೆಟ್‌ಫಾರ್ಮಿನ್ ಸೇವಿಸುವ ನನ್ನ ರೋಗಿಗಳೆಲ್ಲರಿಗೂ ವರ್ಷಕ್ಕೊಮ್ಮೆಯಾದರೂ ಮೂತ್ರಪಿಂಡದ ಪರೀಕ್ಷೆ ಆಗಿರುವಂತೆ ಡಿಸೆಂಬರ್ ಒಳಗೆ ನೋಡಿಕೊಳ್ಳುವುದು’ ಎಂದರೆ ಗುರಿ. ತಲುಪಿದಿರೋ ಇಲ್ಲವೋ ಎಂದು ಬೇರೆಯವರೂ ಹೇಳಬಲ್ಲರು.

ಹೆಜ್ಜೆ 3: ಅಂಕಗಳನ್ನು ಗಳಿಸುವುದು

ಇಲ್ಲಿ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಇದು ಎಲ್ಲರಿಗೂ ಗೊತ್ತಿರುವ ಭಾಗ. ಉಪನ್ಯಾಸ, ಕಾರ್ಯಾಗಾರಗಳಿಂದ ವೈದ್ಯರ ನಡೆಯಲ್ಲಿ ಆಗುವ ಸುಧಾರಣೆ ನಿಜವಾದದ್ದೇ, ಆದರೆ ಸಣ್ಣದು ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಮೀಕ್ಷೆಗಳು ಹೇಳುತ್ತವೆ. ಕೇಸುಗಳನ್ನಿಟ್ಟು ಚರ್ಚಿಸುವ, ಕೈಯಿಂದ ಮಾಡಿಸುವ ಕಾರ್ಯಕ್ರಮ ಸಿಕ್ಕರೆ ಬರೀ ಭಾಷಣ ಕೇಳಿಸುವುದಕ್ಕಿಂತ ಅದನ್ನು ಆರಿಸಿಕೊಳ್ಳಿ.

ಹೆಸರು ನೋಂದಾಯಿಸುವ ಮೊದಲು ಕಾರ್ಯಕ್ರಮಕ್ಕೆ ಮಾನ್ಯತೆ ಸಂಖ್ಯೆ ಇದೆಯೇ ನೋಡಿ. ‘ಮಾನ್ಯತೆಗೆ ಅರ್ಜಿ ಸಲ್ಲಿಸಲಾಗಿದೆ’ ಎಂದರೆ ಮಾನ್ಯತೆ ಇಲ್ಲ ಎಂದೇ ಅರ್ಥ. ಪ್ರಮಾಣಪತ್ರದಲ್ಲಿ ನಿಮ್ಮ ಪೂರ್ಣ ಹೆಸರು, ನೋಂದಣಿ ಸಂಖ್ಯೆ, ದಿನಾಂಕ, ಅಂಕ, ಮಾನ್ಯತೆ ಕೊಟ್ಟ ಸಂಸ್ಥೆ ಎಲ್ಲವೂ ಇವೆಯೇ ಎಂದು ಸಭಾಂಗಣ ಬಿಡುವ ಮೊದಲೇ ಪರೀಕ್ಷಿಸಿ. ಎರಡು ವರ್ಷ ಕಳೆದ ಮೇಲೆ ಆ ಸಂಘಟನಾ ಸಮಿತಿಯನ್ನು ಹುಡುಕಲು ಹೊರಟವನ ಕಷ್ಟ ನನಗೆ ಗೊತ್ತು. ಮನೆಗೆ ಬಂದ ಕೂಡಲೇ ಫೋಟೊ ತೆಗೆದು, ಕಡತದ ಹೆಸರನ್ನು ದಿನಾಂಕದಿಂದ ಆರಂಭಿಸಿ ಉಳಿಸಿ: ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ. ತಾನಾಗಿಯೇ ಕಾಲಕ್ರಮದಲ್ಲಿ ಜೋಡಣೆಯಾಗುತ್ತದೆ. ಎರಡು ಕಡೆ ಪ್ರತಿ ಇರಲಿ.

ಹೆಜ್ಜೆ 4: ಮೂರು ವಾಕ್ಯಗಳ ಟಿಪ್ಪಣಿ

ಕಲಿತದ್ದರ ಬಗ್ಗೆ ಆತ್ಮಾವಲೋಕನ ಬರೆಯಿರಿ ಎಂದರೆ ನಮ್ಮವರು ಒಂದೋ ಪ್ರಬಂಧ ಬರೆಯುತ್ತಾರೆ, ಇಲ್ಲವೇ ‘ತುಂಬಾ ಉಪಯುಕ್ತವಾಗಿತ್ತು’ ಎಂದು ಕೈತೊಳೆದುಕೊಳ್ಳುತ್ತಾರೆ. ಎರಡೂ ಬೇಡ. ಏನಾಯಿತು, ಅದರಿಂದ ನನಗೇನು ತಿಳಿಯಿತು, ಇನ್ನು ಮುಂದೆ ಏನು ಮಾಡುತ್ತೇನೆ: ಮೂರು ಪ್ರಶ್ನೆ, ಮೂರು ವಾಕ್ಯ.

‘ಹಿರಿಯ ರೋಗಿಯೊಬ್ಬರು ನೋವಿನ ಮಾತ್ರೆಯನ್ನೂ ರಕ್ತದೊತ್ತಡದ ಎರಡು ಮಾತ್ರೆಗಳನ್ನೂ ಒಟ್ಟಿಗೆ ಸೇವಿಸಿ ಮೂತ್ರಪಿಂಡ ಕೆಟ್ಟು ಬಂದರು. ರಕ್ತದೊತ್ತಡದ ಮಾತ್ರೆ ಬರೆದ ನಾನು, ಅಂಗಡಿಯಿಂದ ತಾವೇ ಕೊಂಡ ಔಷಧಗಳ ಬಗ್ಗೆ ಒಮ್ಮೆಯೂ ಕೇಳಿರಲಿಲ್ಲ. ಇನ್ನು ಮುಂದೆ ಪ್ರತಿ ಭೇಟಿಯಲ್ಲಿ ಮನೆಯಲ್ಲಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ತರಿಸಿಕೊಳ್ಳುತ್ತೇನೆ.’ ಇಷ್ಟು ಸಾಕು. ಓದಿದವರಿಗೆ ಇದನ್ನು ಬರೆದವರು ಯೋಚಿಸಿದ್ದಾರೆ ಎಂದು ಗೊತ್ತಾಗುತ್ತದೆ.

ಒಂದು ಎಚ್ಚರಿಕೆ. ರೋಗಿಯ ಹೆಸರು, ಆಸ್ಪತ್ರೆ ಸಂಖ್ಯೆ, ಗುರುತು ಹಿಡಿಯಬಹುದಾದ ಯಾವ ವಿವರವೂ ಟಿಪ್ಪಣಿಯಲ್ಲಿ ಇರಬಾರದು. ಅಪರೂಪದ ಕಾಯಿಲೆಯಾದರೆ ವಯಸ್ಸು ಮತ್ತು ದಿನಾಂಕ ಸೇರಿದರೂ ಗುರುತು ಸಿಕ್ಕಿಬಿಡುತ್ತದೆ. ತಪ್ಪನ್ನು ಬರೆದರೆ ಅದೇ ನಮಗೆ ತಿರುಗುಬಾಣವಾಗದೇ ಎಂಬ ಭಯವೂ ಸಹಜ. ಬ್ರಿಟನ್‌ನ ಜನರಲ್ ಮೆಡಿಕಲ್ ಕೌನ್ಸಿಲ್ ವೈದ್ಯರ ವಿರುದ್ಧದ ತನಿಖೆಗಾಗಿ ಇಂಥ ಟಿಪ್ಪಣಿಗಳನ್ನು ಕೇಳುವುದಿಲ್ಲ ಎಂದು ಹೇಳಿದೆ. ನ್ಯಾಯಾಲಯ ಕೇಳಿದರೆ ಮಾತ್ರ ಆ ರಕ್ಷಣೆ ಇಲ್ಲ. ಆದ್ದರಿಂದ ಘಟನೆಯ ವಿವರ ಕೇಸ್ ಶೀಟಿನಲ್ಲಿ ಮತ್ತು ಆಸ್ಪತ್ರೆಯ ಘಟನಾ ವರದಿಯಲ್ಲಿ ಇರಲಿ, ಟಿಪ್ಪಣಿಯಲ್ಲಿ ಕಲಿತ ಪಾಠ ಇರಲಿ. ವ್ಯಾಜ್ಯದ ಸೂಚನೆ ಇರುವ ಪ್ರಕರಣವಾದರೆ ಬರೆಯುವ ಮೊದಲು ನಿಮ್ಮ ವೃತ್ತಿ ಹೊಣೆಗಾರಿಕೆ ವಿಮೆಯವರ ಸಲಹೆ ಕೇಳಿ.

ಹೆಜ್ಜೆ 5: ಕ್ಲಿನಿಕಲ್ ಆಡಿಟ್

ಹೆಚ್ಚು ಜನ ಹೆದರುವುದು ಇಲ್ಲಿ, ಕಡತಕ್ಕೆ ತೂಕ ಬರುವುದೂ ಇಲ್ಲಿಂದಲೇ. 1910ರ ದಶಕದಲ್ಲಿ ಬೋಸ್ಟನ್‌ನ ಶಸ್ತ್ರಚಿಕಿತ್ಸಕ ಅರ್ನೆಸ್ಟ್ ಕಾಡ್‌ಮನ್ ಪ್ರತಿ ರೋಗಿಯ ಚಿಕಿತ್ಸೆಯ ಅಂತಿಮ ಫಲವನ್ನು ಬರೆದಿಟ್ಟು, ತನ್ನ ತಪ್ಪುಗಳನ್ನೂ ಸೇರಿಸಿ ಪ್ರಕಟಿಸಿದಾಗ ಸಹೋದ್ಯೋಗಿಗಳು ಅವರನ್ನು ದೂರವಿಟ್ಟರು. ಇಂದು ಅದೇ ಕೆಲಸಕ್ಕೆ ಅಂಕ ಕೊಡುತ್ತಾರೆ.

ಆಡಿಟ್ ಸಂಶೋಧನೆಯಲ್ಲ. ಯಾವ ಚಿಕಿತ್ಸೆ ಸರಿ ಎಂದು ಸಂಶೋಧನೆ ಕೇಳುತ್ತದೆ. ಸರಿ ಎಂದು ಈಗಾಗಲೇ ಗೊತ್ತಿರುವುದನ್ನು ನಾನು ಮಾಡುತ್ತಿದ್ದೇನೆಯೇ ಎಂದು ಆಡಿಟ್ ಕೇಳುತ್ತದೆ. ಸಂಖ್ಯಾಶಾಸ್ತ್ರದ ಹಂಗಿಲ್ಲ, ಶೇಕಡಾವಾರು ಲೆಕ್ಕ ಬಂದರೆ ಸಾಕು.

ಮೆಟ್‌ಫಾರ್ಮಿನ್ ಉದಾಹರಣೆಯನ್ನೇ ಮುಂದುವರಿಸೋಣ. ಒಪ್ಪಿತ ಮಾರ್ಗಸೂಚಿ ಎರಡು ಮಾತು ಹೇಳುತ್ತದೆ: ಸೇವಿಸುವವರಿಗೆ ವರ್ಷಕ್ಕೊಮ್ಮೆಯಾದರೂ ಇಜಿಎಫ್‌ಆರ್ (ಮೂತ್ರಪಿಂಡ ರಕ್ತವನ್ನು ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂಬ ಅಳತೆ) ನೋಡಬೇಕು, ಅದು 30ಕ್ಕಿಂತ ಕೆಳಗಿಳಿದರೆ ಮೆಟ್‌ಫಾರ್ಮಿನ್ ನಿಲ್ಲಿಸಬೇಕು. ಇವೇ ನಿಮ್ಮ ಎರಡು ಮಾನದಂಡಗಳು. ಮೊದಲನೆಯದಕ್ಕೆ ಶೇ 90ರ ಗುರಿ ಇಟ್ಟುಕೊಳ್ಳಿ. ಎರಡನೆಯದಕ್ಕೆ ಗುರಿ ಶೇ 100. ರೋಗಿಯ ಸುರಕ್ಷತೆಯ ವಿಷಯದಲ್ಲಿ ರಿಯಾಯಿತಿ ಇಲ್ಲ. ಗುರಿಯನ್ನು ಲೆಕ್ಕ ಹಾಕುವ ಮೊದಲೇ ಬರೆದಿಡಬೇಕು. ಫಲಿತಾಂಶ ನೋಡಿ ಗುರಿ ನಿಗದಿಪಡಿಸುವುದು ಗೋಡೆಗೆ ಬಾಣ ಬಿಟ್ಟು ಸುತ್ತ ವೃತ್ತ ಬರೆದಂತೆ.

ಈಗ ಮೆಟ್‌ಫಾರ್ಮಿನ್ ಸೇವಿಸುವವರ ದಾಖಲೆಗಳಲ್ಲಿ ಇತ್ತೀಚಿನ 40ನ್ನು ಒಂದೂ ಬಿಡದೆ ಕ್ರಮವಾಗಿ ತೆಗೆಯಿರಿ. ಆರಿಸಬೇಡಿ. ಆರಿಸಲು ಹೊರಟರೆ ಕೈ ತಾನಾಗಿ ಚೆನ್ನಾಗಿ ಬರೆದ ಕೇಸ್ ಶೀಟಿನ ಕಡೆಗೆ ಹೋಗುತ್ತದೆ. 40ರಲ್ಲಿ 22 ಜನರಿಗೆ ಕಳೆದ 12 ತಿಂಗಳಲ್ಲಿ ಪರೀಕ್ಷೆ ಆಗಿದೆ ಎಂದುಕೊಳ್ಳಿ: ಶೇ 55. ಆ 22ರಲ್ಲಿ ಒಬ್ಬರ ಇಜಿಎಫ್‌ಆರ್ 30ಕ್ಕಿಂತ ಕಡಿಮೆ, ಔಷಧ ಇನ್ನೂ ಮುಂದುವರಿದಿದೆ. ಇಲ್ಲಿಗೆ ಲೆಕ್ಕ ನಿಲ್ಲಿಸಿ ಮೊದಲು ಆ ರೋಗಿಗೆ ಫೋನು ಮಾಡಿ. ಆಡಿಟ್ ಮುಗಿಯುವವರೆಗೆ ಕಾಯುವ ವಿಷಯವಲ್ಲ ಅದು.

ಮುಂದಿನ ಪ್ರಶ್ನೆ ಏಕೆ ಹೀಗಾಯಿತು ಎಂಬುದು. ‘ಮರೆವು’ ಎಂದು ಬರೆದು ‘ಇನ್ನು ಮುಂದೆ ಜಾಗ್ರತೆ ವಹಿಸುತ್ತೇನೆ’ ಎಂದು ಮುಗಿಸುವ ಆಡಿಟ್‌ಗಳನ್ನು ನಾನು ಎಷ್ಟು ಓದಿದ್ದೇನೋ ಲೆಕ್ಕವಿಲ್ಲ. ಮರೆಯುವುದು ಮನುಷ್ಯ ಸಹಜ. ಮರೆತರೂ ಕೆಲಸ ತಪ್ಪದ ಏರ್ಪಾಡು ಬೇಕು. ಪರೀಕ್ಷೆಗೆ ಬರೆದುಕೊಟ್ಟರೂ ರೋಗಿಗಳು ಮಾಡಿಸದೆ ಹೋಗುತ್ತಿದ್ದಾರೆಯೇ? ವರದಿ ಬಂದರೂ ಕಡತಕ್ಕೆ ಸೇರುತ್ತಿಲ್ಲವೇ? ಚೀಟಿಯನ್ನು ಪುನಃ ಬರೆಯುವಾಗ ಹಳೆಯದನ್ನು ನೋಡಿ ನಕಲು ಮಾಡುವ ಅಭ್ಯಾಸವಿದೆಯೇ? ಕಾರಣಕ್ಕೆ ತಕ್ಕಂತೆ ಒಂದೇ ಒಂದು ಬದಲಾವಣೆ ಮಾಡಿ. ಉದಾಹರಣೆಗೆ, ಮೆಟ್‌ಫಾರ್ಮಿನ್ ಚೀಟಿಯ ಮೇಲೆ ಕೊನೆಯ ಇಜಿಎಫ್‌ಆರ್ ಮತ್ತು ಅದರ ದಿನಾಂಕವನ್ನು ನರ್ಸ್ ಮೊದಲೇ ಬರೆದಿಡುವುದು. ಜಾಗ ಖಾಲಿ ಇದ್ದರೆ ಪರೀಕ್ಷೆ ಆಗಿಲ್ಲ ಎಂದು ಕಣ್ಣಿಗೆ ಹೊಡೆಯುತ್ತದೆ.

ಆರು ತಿಂಗಳ ಬಳಿಕ ಅದೇ ಕ್ರಮದಲ್ಲಿ ಮತ್ತೆ 40 ದಾಖಲೆ. ಈ ಬಾರಿ 34 ಬಂತು ಎಂದಿಟ್ಟುಕೊಳ್ಳಿ: ಶೇ 85. ಗುರಿ ಮುಟ್ಟಲಿಲ್ಲ. ಹಾಗೆಯೇ ಬರೆಯಿರಿ. ಶೇ 55ರಿಂದ 85ಕ್ಕೆ ಏರಿ ಗುರಿ ತಪ್ಪಿದ ಆಡಿಟ್ ನನಗೆ ಮೊದಲ ಸುತ್ತಿನಲ್ಲೇ ಶೇ 100 ತೋರಿಸಿದ ಆಡಿಟ್‌ಗಿಂತ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಎರಡನೇ ಸುತ್ತು ಇಲ್ಲದಿದ್ದರೆ ಅದು ಬರೀ ಎಣಿಕೆ. ಇಡೀ ವರದಿ ಎರಡು ಪುಟ ಮೀರಬೇಕಿಲ್ಲ.

ಕಡತ ನೋಡುವಷ್ಟು ರೋಗಿಗಳೇ ಇಲ್ಲದ ವೈದ್ಯರೂ ಇದ್ದಾರೆ: ಆಡಳಿತದಲ್ಲಿರುವವರು, ಬೋಧಕರು, ರೋಗಶಾಸ್ತ್ರಜ್ಞರು. ಅವರು ತಮ್ಮ ವರದಿ ತಲುಪಲು ಹಿಡಿಯುವ ಸಮಯ, ಎರಡನೇ ಕಣ್ಣಿಗೆ ತೋರಿಸಿದಾಗ ಬದಲಾದ ರೋಗನಿರ್ಣಯಗಳು, ವಿದ್ಯಾರ್ಥಿಗಳಿಗೆ ಅಂಕ ಕೊಡುವುದರಲ್ಲಿನ ಏಕರೂಪತೆ, ಹೀಗೆ ತಾವು ನಿಜವಾಗಿ ಮಾಡುವ ಕೆಲಸವನ್ನೇ ಅಳೆಯಬಹುದು.

ಹೆಜ್ಜೆ 6: ಇತರರ ಕಣ್ಣಿನಲ್ಲಿ ನೀವು

ಬ್ರಿಟನ್‌ನಲ್ಲಿ ಐದು ವರ್ಷದ ಚಕ್ರದಲ್ಲಿ ಒಮ್ಮೆಯಾದರೂ ರೋಗಿಗಳಿಂದಲೂ ಸಹೋದ್ಯೋಗಿಗಳಿಂದಲೂ ಅಭಿಪ್ರಾಯ ಸಂಗ್ರಹಿಸಬೇಕು. ನಿಮ್ಮಲ್ಲಿ ಅದು ಕಡ್ಡಾಯವಲ್ಲದಿದ್ದರೂ ಒಮ್ಮೆ ಮಾಡಿ ನೋಡಿ. ಪ್ರಶ್ನಾವಳಿಯನ್ನು ನೀವೇ ಹಂಚಬೇಡಿ. ಔಷಧ ಬರೆಯುವ ಕೈಯೇ ಅಭಿಪ್ರಾಯದ ಹಾಳೆಯನ್ನು ಚಾಚಿದರೆ ಯಾವ ರೋಗಿ ಸತ್ಯ ಬರೆಯುತ್ತಾನೆ? ಒಂದು ದಿನ ಬಂದ ಎಲ್ಲರಿಗೂ ಬೇರೊಬ್ಬರು ಕೊಡಲಿ, ಹೆಸರಿಲ್ಲದೆ ವಾಪಸ್ ಬರಲಿ, ಮೊತ್ತವನ್ನು ಮೂರನೆಯವರು ಹಾಕಲಿ. ಓದು ಬಾರದವರಿಗೆ ಓದಿ ಹೇಳುವವರು ನಿಮ್ಮ ತಂಡದವರಾಗಿರದಿದ್ದರೆ ಒಳ್ಳೆಯದು. ಸಹೋದ್ಯೋಗಿಗಳೆಂದರೆ ನಿಮ್ಮ ಗೆಳೆಯರಾದ ನಾಲ್ಕು ವೈದ್ಯರಲ್ಲ. ನರ್ಸು, ಫಾರ್ಮಾಸಿಸ್ಟ್, ಸ್ವಾಗತ ಮೇಜಿನವರು, ಕಿರಿಯ ವೈದ್ಯರು ಎಲ್ಲರೂ ಇರಲಿ.

ಉತ್ತರಗಳು ಕೈಸೇರಿದ ರಾತ್ರಿ ನಿದ್ದೆ ಬರುವುದಿಲ್ಲ. ನನ್ನ ಬಗ್ಗೆ ಮೂವರು ಒಂದೇ ಮಾತು ಬರೆದಿದ್ದರು: ಮಾತನಾಡುವಾಗ ಕಂಪ್ಯೂಟರ್ ನೋಡುತ್ತಾರೆ. ಪರದೆಯನ್ನು ಪಕ್ಕಕ್ಕೆ ತಿರುಗಿಸಿದೆ, ಅಷ್ಟೇ. ಆ ಬದಲಾವಣೆಗೂ ಕಡತದಲ್ಲಿ ಒಂದು ಪುಟ ಸಿಕ್ಕಿತು.

ಹೆಜ್ಜೆ 7: ಅರ್ಜಿ ಮತ್ತು ಘೋಷಣೆ

ಗಡುವಿಗೆ ಮೂರು ತಿಂಗಳ ಮೊದಲು ಶುರು ಮಾಡಿ. ಅರ್ಜಿಯಲ್ಲಿ ಹೆಸರು ನೋಂದಣಿ ಪತ್ರದಲ್ಲಿ ಇರುವಂತೆಯೇ ಇರಬೇಕು. ಮದುವೆಯ ನಂತರ ಹೆಸರು ಬದಲಿಸಿದವರ, ಇನಿಷಿಯಲ್ ಬಿಡಿಸಿ ಬರೆದವರ ಅರ್ಜಿಗಳು ಸಿಕ್ಕಿಕೊಳ್ಳುವುದು ಇಲ್ಲೇ. ಆಮೇಲೆ ಪಡೆದ ಸ್ನಾತಕೋತ್ತರ ಪದವಿ ದಾಖಲಾಗಿದೆಯೇ, ವಿಳಾಸ ಮತ್ತು ಮೊಬೈಲ್ ಸಂಖ್ಯೆ ಹಳೆಯವೇ ಎಂದು ನೋಡಿಕೊಳ್ಳಿ. ಪರಿಷತ್ತಿನ ಖಾತೆಯಲ್ಲಿ ಕಾಣುವ ಅಂಕ ನಿಮ್ಮ ಲೆಕ್ಕಕ್ಕೆ ತಾಳೆಯಾಗದಿದ್ದರೆ ಸಂಘಟಕರಿಗೆ ಬರೆಯಲು ಈ ಮೂರು ತಿಂಗಳು ಬೇಕಾಗುತ್ತದೆ.

ಘೋಷಣೆಗೆ ಸಹಿ ಹಾಕುವ ಮೊದಲು ಪೂರ್ತಿ ಓದಿ. ಅಂಕ ಕಡಿಮೆ ಇದ್ದರೆ ಕಡಿಮೆ ಇದೆ ಎಂದೇ ಹೇಳಿ, ಕಾರಣ ಕೊಡಿ, ಯಾವಾಗ ತುಂಬುತ್ತೀರಿ ಎಂದು ತಿಳಿಸಿ. ಅಂಕದ ಕೊರತೆಗೆ ಕಾಲಾವಕಾಶ ಸಿಗಬಹುದು, ಸುಳ್ಳು ಘೋಷಣೆ ವೃತ್ತಿ ದುರ್ನಡತೆಯಾಗುತ್ತದೆ. ಬ್ರಿಟನ್‌ನಲ್ಲಿ ವೈದ್ಯರ ಬಗ್ಗೆ ಕೌನ್ಸಿಲ್‌ಗೆ ಶಿಫಾರಸು ಕಳುಹಿಸುವ ಹೊಣೆಗಾರ ಅಧಿಕಾರಿಗೆ ಮೂರು ಆಯ್ಕೆಗಳಿವೆ: ಮರುಮಾನ್ಯತೆಗೆ ಶಿಫಾರಸು, ಮುಂದೂಡಿಕೆ, ವೈದ್ಯರು ಪ್ರಕ್ರಿಯೆಯಲ್ಲಿ ತೊಡಗಿಲ್ಲವೆಂಬ ವರದಿ. ಮುಂದೂಡಿಕೆ ಕಳಂಕವಲ್ಲ, ಆ ಅವಧಿಯಲ್ಲಿ ಪರವಾನಗಿ ಎಂದಿನಂತೆ ಇರುತ್ತದೆ. ಹೆದರಬೇಕಾದದ್ದು ಮೂರನೆಯದಕ್ಕೆ.

ಹೆರಿಗೆ ರಜೆ, ದೀರ್ಘ ಅನಾರೋಗ್ಯ, ಕೆಲಸದಿಂದ ಬಿಡುವು ಇದ್ದವರು ವಿನಾಯಿತಿಯನ್ನು ರಜೆಯ ಆರಂಭದಲ್ಲೇ ಲಿಖಿತವಾಗಿ ಕೇಳಿ, ಉತ್ತರವನ್ನು ಕಡತಕ್ಕೆ ಸೇರಿಸಬೇಕು. ಅರೆಕಾಲಿಕ ಕೆಲಸಕ್ಕೆ ಅರ್ಧ ಅಂಕ ಸಾಕು ಎಂಬುದು ಬಹುತೇಕರ ಊಹೆ, ಹೆಚ್ಚಿನ ಕಡೆ ಅದು ತಪ್ಪು; ವಾರಕ್ಕೆ ಒಂದು ದಿನ ಬರುವ ವೈದ್ಯನ ಮುಂದೆ ಕುಳಿತ ರೋಗಿಗೂ ಪೂರ್ತಿ ವೈದ್ಯನೇ ಬೇಕು. ಎರಡು ದೇಶಗಳಲ್ಲಿ ನೋಂದಣಿ ಇದ್ದರೆ ಎರಡೂ ಚಕ್ರಗಳನ್ನು ಒಂದೇ ಹಾಳೆಯಲ್ಲಿ ಬರೆಯಿರಿ. ಒಂದು ಕಡೆಯ ಅಂಕ ಇನ್ನೊಂದು ಕಡೆ ತಾನಾಗಿಯೇ ನಡೆಯುತ್ತದೆ ಎಂದುಕೊಳ್ಳದೆ ಕೇಳಿ ಖಚಿತಪಡಿಸಿಕೊಳ್ಳಿ.

ಪರಿಶೀಲನೆಗೆ ನಿಮ್ಮ ಹೆಸರು ಬಂದರೆ

ಹಲವು ಪರಿಷತ್ತುಗಳು ಘೋಷಣೆಯನ್ನು ನಂಬಿ ನವೀಕರಿಸಿ, ನಂತರ ಕೆಲವರ ಪುರಾವೆಗಳನ್ನು ಯಾದೃಚ್ಛಿಕವಾಗಿ ತರಿಸಿ ನೋಡುತ್ತವೆ. ಪತ್ರ ಬಂತೆಂದರೆ ದೂರು ಬಂದಿದೆ ಎಂದಲ್ಲ. ಕೇಳಿದ್ದನ್ನು ಮಾತ್ರ, ಕೇಳಿದ ಕ್ರಮದಲ್ಲಿ, ಮುಂದೆ ಒಂದು ಪುಟದ ಪಟ್ಟಿಯೊಂದಿಗೆ ಕಳುಹಿಸಿ. ಇನ್ನೂರು ಪುಟಗಳ ಹೊರೆ ಕಳುಹಿಸಿದರೆ ಓದುವವರಿಗೆ ನಿಮ್ಮ ಮೇಲೆ ಗೌರವ ಹೆಚ್ಚುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಪ್ರತಿ ವರ್ಷದ ದಾಖಲೆಗಳನ್ನು ಆ ವರ್ಷ ಮುಗಿದ ಮೇಲೆ ಮೂರು ವರ್ಷ ಇಟ್ಟುಕೊಳ್ಳಬೇಕು. ನಿಮ್ಮಲ್ಲಿ ಅವಧಿ ಗೊತ್ತುಪಡಿಸಿರದಿದ್ದರೆ ಒಂದು ಪೂರ್ತಿ ಚಕ್ರ ಮತ್ತು ಮೇಲೆ ಒಂದು ವರ್ಷ ಇಟ್ಟುಕೊಳ್ಳಿ.

ನವೀಕರಣದ ಪತ್ರ ಕೈಗೆ ಬಂದ ದಿನ ಮುಂದಿನ ಮುಕ್ತಾಯದ ದಿನಾಂಕವನ್ನೂ ಅದಕ್ಕೆ ಮೂರು ತಿಂಗಳ ಹಿಂದಿನ ದಿನಾಂಕವನ್ನೂ ಮೊಬೈಲಿನಲ್ಲಿ ನಮೂದಿಸಿ, ಹೊಸ ಚಕ್ರಕ್ಕೆ ಹೊಸ ಫೋಲ್ಡರ್ ತೆರೆಯಿರಿ. ಅದರಲ್ಲಿ ಇಡಬೇಕಾದ ಮೊದಲ ಹಾಳೆ ಸಿದ್ಧವಾಗಿಯೇ ಇದೆ: ಶೇ 85ಕ್ಕೆ ನಿಂತ ಆ ಆಡಿಟ್, ಪರೀಕ್ಷೆ ಬಿಟ್ಟುಹೋದ ಆರು ಜನರ ಪಟ್ಟಿಯೊಂದಿಗೆ.